ಅಫೀಮು ವ್ಯಸನಕ್ಕೆ ಲಸಿಕೆ: ಎಷ್ಟು ದೂರ ಬಂದಿದೆ ಸಂಶೋಧನೆ?

ಸಿಡುಬು, ಪೋಲಿಯೊಗಳನ್ನು ಲಸಿಕೆಯಿಂದ ತಡೆದಂತೆ ಮಾದಕ ವಸ್ತುವಿನ ಮತ್ತನ್ನೂ ತಡೆಯಬಹುದೇ? ಅರ್ಧ ಶತಮಾನದಷ್ಟು ಹಳೆಯದಾದ ಈ ಪ್ರಶ್ನೆಗೆ ಅಮೆರಿಕದಲ್ಲಿ ಈಗ ಹೊಸ ತುರ್ತು ಒದಗಿದೆ. 2023ರಲ್ಲಿ ಆ ದೇಶದಲ್ಲಿ ಮಾದಕ ವಸ್ತುಗಳ ಅತಿಸೇವನೆಯಿಂದ ಸುಮಾರು 1.05 ಲಕ್ಷ ಮಂದಿ ಮೃತಪಟ್ಟರು. ಈ ಪೈಕಿ ಪ್ರತಿ ನಾಲ್ಕರಲ್ಲಿ ಮೂರು ಸಾವುಗಳ ಹಿಂದೆ ಇದ್ದುದು ಒಪಿಯಾಯ್ಡ್‌ಗಳು.

ಅಫೀಮಿನಿಂದ ದೊರೆಯುವ ಮಾರ್ಫಿನ್, ಅದರಿಂದ ತಯಾರಾಗುವ ಹೆರಾಯಿನ್, ನೋವು ನಿವಾರಕ ಆಕ್ಸಿಕೊಡೋನ್ ಹಾಗೂ ಸಂಪೂರ್ಣ ಕೃತಕವಾದ ಫೆಂಟಾನಿಲ್ ಈ ಗುಂಪಿಗೆ ಸೇರಿವೆ. ಶಸ್ತ್ರಚಿಕಿತ್ಸೆಯಲ್ಲಿ ವೈದ್ಯರು ಬಳಸುವ ಫೆಂಟಾನಿಲ್, ಮಾರ್ಫಿನ್‌ಗಿಂತ ಸುಮಾರು 100 ಪಟ್ಟು ಪ್ರಬಲ. ಎರಡು ಮಿಲಿಗ್ರಾಂನಷ್ಟು ಪುಡಿಯೂ ಪ್ರಾಣ ತೆಗೆಯಬಲ್ಲದು. ಉಸಿರಾಟವನ್ನು ನಿಯಂತ್ರಿಸುವ ಮಿದುಳಿನ ಭಾಗವನ್ನು ಅದು ಮಂಕುಗೊಳಿಸುವುದೇ ಇದಕ್ಕೆ ಕಾರಣ.

ಅತಿಸೇವನೆಗೆ ನಲಾಕ್ಸೋನ್ ಎಂಬ ಪ್ರತ್ಯೌಷಧವಿದೆ. ಆದರೆ ಪ್ರಜ್ಞೆ ತಪ್ಪಿದವನು ಅದನ್ನು ತಾನೇ ತೆಗೆದುಕೊಳ್ಳಲಾರ, ಬಳಿಯಲ್ಲಿ ಇನ್ನೊಬ್ಬರಿರಬೇಕು. ಒಂಟಿಯಾಗಿದ್ದವನಿಗೆ ರಕ್ಷಣೆಯಿಲ್ಲ. ಲಸಿಕೆ ತುಂಬಲು ಹೊರಟಿರುವುದು ಈ ಕೊರತೆಯನ್ನೇ.

ಲಸಿಕೆ ಹೇಗೆ ಕೆಲಸ ಮಾಡುತ್ತದೆ?

ಮಾದಕ ವಸ್ತುವಿನ ಅಣು ತೀರಾ ಚಿಕ್ಕದು. ಹೀಗಾಗಿ ದೇಹದ ರೋಗನಿರೋಧಕ ವ್ಯವಸ್ಥೆ ಅದನ್ನು ಶತ್ರುವೆಂದು ಗುರುತಿಸುವುದಿಲ್ಲ. ಆದರೆ ಚಿಕ್ಕ ಅಣುವನ್ನು ದೊಡ್ಡ ಪ್ರೋಟೀನಿಗೆ ಬೆಸೆದರೆ ದೇಹ ಅದನ್ನು ಗುರುತಿಸುತ್ತದೆ ಎಂಬುದನ್ನು, ರಕ್ತದ ಗುಂಪುಗಳನ್ನು ಕಂಡುಹಿಡಿದ ಕಾರ್ಲ್ ಲ್ಯಾಂಡ್‌ಸ್ಟೈನರ್ ಕಳೆದ ಶತಮಾನದ ಪೂರ್ವಾರ್ಧದಲ್ಲೇ ತೋರಿಸಿಕೊಟ್ಟಿದ್ದರು. ವ್ಯಸನ ಲಸಿಕೆಯ ತಳಹದಿ ಇದೇ. ಧನುರ್ವಾಯು ಲಸಿಕೆಯಲ್ಲಿರುವಂತಹ ಪ್ರೋಟೀನಿಗೆ ಮಾದಕದ ಅಣುವನ್ನು ಹೋಲುವ ರಚನೆಯೊಂದನ್ನು ಜೋಡಿಸಿ ಚುಚ್ಚುಮದ್ದಾಗಿ ನೀಡಲಾಗುತ್ತದೆ. ಕೆಲವು ವಾರಗಳಲ್ಲಿ ರಕ್ತದಲ್ಲಿ ಪ್ರತಿಕಾಯಗಳು ಸಿದ್ಧವಾಗುತ್ತವೆ. ಆನಂತರ ಆ ಮಾದಕ ದೇಹ ಸೇರಿದರೆ ಪ್ರತಿಕಾಯಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಹೀಗೆ ಗಾತ್ರ ಹಿಗ್ಗಿದ ಅಣು, ರಕ್ತ ಮತ್ತು ಮಿದುಳಿನ ನಡುವಿನ ತಡೆಯನ್ನು ದಾಟಲಾರದು. ಮತ್ತೂ ಏರದು, ಉಸಿರೂ ನಿಲ್ಲದು.

ನಡೆದು ಬಂದ ಹಾದಿ

1974ರಲ್ಲಿ ಷಿಕಾಗೊದ ಸಂಶೋಧಕರು ಮಾರ್ಫಿನ್ ವಿರುದ್ಧ ಪ್ರತಿಕಾಯ ಪಡೆದ ಕೋತಿಯೊಂದು ಹೆರಾಯಿನ್ ಸೇವನೆಯನ್ನು ಕಡಿಮೆ ಮಾಡಿದ್ದನ್ನು ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಮೆಥಡೋನ್‌ನಂತಹ ಔಷಧಗಳು ಬಳಕೆಗೆ ಬಂದಿದ್ದರಿಂದ ಆ ಯತ್ನ ಮೂಲೆಗೆ ಸರಿಯಿತು. ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯ ಕಿಮ್ ಜಾಂಡಾ ಅವರ ತಂಡ 2016ರಲ್ಲಿ ಫೆಂಟಾನಿಲ್ ಲಸಿಕೆಯನ್ನು ಇಲಿಗಳಲ್ಲಿ ಪರೀಕ್ಷಿಸಿತು. ಮರುವರ್ಷ ಹೆರಾಯಿನ್ ಲಸಿಕೆಯನ್ನು ಕೋತಿಗಳಲ್ಲಿ ಪರೀಕ್ಷಿಸಿದ ಫಲಿತಾಂಶ ಪ್ರಕಟಿಸಿತು. ಮಾರ್ಕೊ ಪ್ರವೆಟೋನಿ ಅವರ ತಂಡ ರೂಪಿಸಿದ ಆಕ್ಸಿಕೊಡೋನ್ ಲಸಿಕೆಯನ್ನು ಮನುಷ್ಯರ ಮೇಲೆ ಪರೀಕ್ಷಿಸುವ ಮೊದಲ ಹಂತ 2021ರಲ್ಲಿ ಆರಂಭಗೊಂಡಿತು. 2022ರಲ್ಲಿ ಹ್ಯೂಸ್ಟನ್ ವಿಶ್ವವಿದ್ಯಾಲಯದ ತಂಡ, ತನ್ನ ಫೆಂಟಾನಿಲ್ ಲಸಿಕೆ ಇಲಿಗಳಲ್ಲಿ ಮಾರ್ಫಿನ್‌ನ ನೋವು ನಿವಾರಕ ಗುಣಕ್ಕೆ ಅಡ್ಡಿಯಾಗಲಿಲ್ಲ ಎಂದು ತಿಳಿಸಿತು.

ತೊಡಕುಗಳೇನು?

ಪ್ರಾಣಿಗಳಲ್ಲಿ ಫಲಿಸಿದ್ದು ಮನುಷ್ಯರಲ್ಲಿ ಫಲಿಸಬೇಕೆಂದಿಲ್ಲ. 2009ರಲ್ಲಿ ಪ್ರಕಟವಾದ ಕೊಕೇನ್ ಲಸಿಕೆಯ ಪರೀಕ್ಷೆಯಲ್ಲಿ, ಲಸಿಕೆ ಪಡೆದವರ ಪೈಕಿ ಶೇ 38ರಷ್ಟು ಮಂದಿಯಲ್ಲಿ ಮಾತ್ರ ಸಾಕಷ್ಟು ಪ್ರತಿಕಾಯ ಉತ್ಪತ್ತಿಯಾಗಿತ್ತು. 2011ರಲ್ಲಿ ನಿಕೋಟಿನ್ ಲಸಿಕೆ ‘ನಿಕ್‌ವ್ಯಾಕ್ಸ್’ ಅಂತಿಮ ಹಂತದಲ್ಲಿ, ಔಷಧಾಂಶವಿಲ್ಲದ ಹುಸಿಮದ್ದಿಗಿಂತ ಮೇಲೆನಿಸಲಿಲ್ಲ.

ಒಂದು ಲಸಿಕೆ ಒಂದು ಬಗೆಯ ಅಣುವನ್ನಷ್ಟೇ ಹಿಡಿಯುತ್ತದೆ ಎಂಬುದು ಇನ್ನೊಂದು ಮಿತಿ. ಹೆರಾಯಿನ್ ಲಸಿಕೆ ಫೆಂಟಾನಿಲ್‌ನಿಂದ ಕಾಪಾಡದು. ಭಾರತದಲ್ಲಿ ಏಮ್ಸ್ ನೇತೃತ್ವದ ಸಮೀಕ್ಷೆ 2019ರಲ್ಲಿ ಸುಮಾರು 2.26 ಕೋಟಿ ಒಪಿಯಾಯ್ಡ್ ಬಳಕೆದಾರರನ್ನು ಅಂದಾಜಿಸಿತ್ತು. ಅವರಲ್ಲಿ ಹೆಚ್ಚು ಬಳಕೆಯಲ್ಲಿದ್ದುದು ಹೆರಾಯಿನ್. ಅಮೆರಿಕದ ಅಗತ್ಯಕ್ಕೆ ತಯಾರಾದ ಫೆಂಟಾನಿಲ್ ಲಸಿಕೆ ಇವರಿಗೆ ನೇರವಾಗಿ ಒದಗದು. ಜೊತೆಗೆ, ಪ್ರತಿಕಾಯಗಳ ಪ್ರಮಾಣವನ್ನು ಮೀರಿಸುವಷ್ಟು ಮಾದಕ ಸೇವಿಸಿದರೆ ರಕ್ಷಣೆ ಕುಸಿಯುತ್ತದೆ. ಕಾಲ ಕಳೆದಂತೆ ಪ್ರತಿಕಾಯಗಳು ಕ್ಷೀಣಿಸುವುದರಿಂದ ಮರುಚುಚ್ಚುಮದ್ದೂ ಬೇಕು.

ಯಾರಿಗೆ ಉಪಯುಕ್ತ?

ವ್ಯಸನ ಬಿಟ್ಟು ಕೆಲಕಾಲದ ನಂತರ ಮತ್ತೆ ಎಡವಿದವರಿಗೆ ಅಪಾಯ ಹೆಚ್ಚು. ದೇಹ ತನ್ನ ಹಿಂದಿನ ಸಹನಶಕ್ತಿಯನ್ನು ಕಳೆದುಕೊಂಡಿರುವುದರಿಂದ ಹಳೆಯ ಪ್ರಮಾಣವೇ ಮಾರಕವಾಗುತ್ತದೆ. ಚಿಕಿತ್ಸಾ ಕೇಂದ್ರ ಅಥವಾ ಸೆರೆಮನೆಯಿಂದ ಹೊರಬಂದ ಮೊದಲ ವಾರಗಳು ಅಂತಹವು. ಅವರಿಗೆ ಲಸಿಕೆ ಒಂದು ಆಸರೆಯಾಗಬಲ್ಲದು. ಆದರೆ ಕೈದಿಗಳಿಗೆ ಅಥವಾ ಮಕ್ಕಳಿಗೆ ಅವರ ಒಪ್ಪಿಗೆಯಿಲ್ಲದೆ ನೀಡಬಹುದೇ ಎಂಬ ನೈತಿಕ ಪ್ರಶ್ನೆ ಇತ್ಯರ್ಥವಾಗಿಲ್ಲ.

ಲಸಿಕೆ ಮತ್ತನ್ನು ತಡೆಯುತ್ತದೆಯೇ ಹೊರತು ಮತ್ತಿನ ಹಂಬಲವನ್ನಲ್ಲ. ಮಾದಕ ಬಿಟ್ಟಾಗಿನ ನರಳಾಟಕ್ಕೆ ಬ್ಯುಪ್ರಿನಾರ್ಫಿನ್, ಮೆಥಡೋನ್ ಚಿಕಿತ್ಸೆ ಹಾಗೂ ಆಪ್ತ ಸಮಾಲೋಚನೆ ಬೇಕೇ ಬೇಕು. ಯಾವ ವ್ಯಸನ ಲಸಿಕೆಗೂ ಅಮೆರಿಕದ ಔಷಧ ನಿಯಂತ್ರಕರ ಮಂಜೂರಾತಿ ಇನ್ನೂ ದೊರೆತಿಲ್ಲ. ದೊರೆತರೂ ಅದು ಬದುಕಿ ಉಳಿಯುವ ಅವಕಾಶವನ್ನಷ್ಟೇ ನೀಡೀತು. ವ್ಯಸನದಿಂದ ಹೊರಬರಲು ಚಿಕಿತ್ಸೆಯ ದಾರಿಯನ್ನೇ ಹಿಡಿಯಬೇಕು.