ದ್ರಾಕ್ಷಾರಸದ ದರ್ಜೆ, ಮಾವಿನ ಮರ್ಯಾದೆ

ವೈಶಾಖ ಬಂದಿತೆಂದರೆ ವಾಶಿಯ ಹಣ್ಣಿನ ಮಾರುಕಟ್ಟೆಯಲ್ಲಿ ಕಾಲಿಡಲು ತೆರಪಿರುವುದಿಲ್ಲ. 1996ರಲ್ಲಿ ಕ್ರಾಫರ್ಡ್ ಮಾರ್ಕೆಟ್ಟಿನ ಸಗಟು ವ್ಯಾಪಾರ ಇಲ್ಲಿಗೆ ಬಂದಾಗ ಆಪೂಸಿನ ಅಂತಸ್ತೂ ಜೊತೆಗೇ ಬಂದಿತು. ದೇವಗಡ, ರತ್ನಾಗಿರಿಯ ಪೆಟ್ಟಿಗಳಿಗೆ ಒಂದು ಬೆಲೆ, ಕರ್ನಾಟಕದ ಪೆಟ್ಟಿಗೆ ಅದಕ್ಕಿಂತ ಕೆಳಗಿನ ಬೆಲೆ. ಡೊಂಬಿವಲಿ, ಕಲ್ಯಾಣಗಳ ಸ್ಟೇಷನ್ನಿನ ಹೊರಗೆ ನಮ್ಮ ನಾಡಿನ ಹಣ್ಣೇ ರತ್ನಾಗಿರಿಯ ಹೆಸರು ಹೊತ್ತು ಬುಟ್ಟಿಯಲ್ಲಿ ಕುಳಿತಿರುವುದೂ ಉಂಟು. ಈ ಮೇಲು ಕೀಳಿನ ಏಣಿಯನ್ನು ಕಟ್ಟಿದವರು ಯಾರು?

ಇಂತಹ ಏಣಿಗಳಲ್ಲಿ ಜಗತ್ಪ್ರಸಿದ್ಧವಾದುದು ಫ್ರಾನ್ಸಿನ ಬೋರ್ದೋ ಪ್ರಾಂತದ್ದು. 1855ರಲ್ಲಿ ಚಕ್ರವರ್ತಿ ಮೂರನೆಯ ನೆಪೋಲಿಯನ್ ಪ್ಯಾರಿಸಿನಲ್ಲಿ ಮಹಾ ವಸ್ತುಪ್ರದರ್ಶನವನ್ನು ಏರ್ಪಡಿಸಿದನು. ಅದಕ್ಕೆ ಕಳಿಸುವ ದ್ರಾಕ್ಷಾರಸಗಳನ್ನು ದರ್ಜೆವಾರು ವಿಂಗಡಿಸುವ ಕೆಲಸವನ್ನು ಬೋರ್ದೋ ವಾಣಿಜ್ಯ ಮಂಡಳಿ ಯಾವ ಪಂಡಿತರಿಗೂ ವಹಿಸಲಿಲ್ಲ, ದಲ್ಲಾಳಿಗಳಿಗೆ ವಹಿಸಿತು. ಅವರು ಹೊಸದಾಗಿ ರುಚಿ ನೋಡುವ ಗೋಜಿಗೆ ಹೋಗದೆ, ಬಹುಕಾಲದಿಂದ ಯಾವ ತೋಟದ ರಸಕ್ಕೆ ಎಷ್ಟು ಬೆಲೆ ಬಂದಿದೆಯೆಂಬುದನ್ನು ಆಧರಿಸಿ ಏಪ್ರಿಲ್ 18ರಂದು ಪಟ್ಟಿಯನ್ನು ಒಪ್ಪಿಸಿದರು. ಕೆಂಪು ದ್ರಾಕ್ಷಾರಸಕ್ಕೆ ಐದು ದರ್ಜೆ. ಮೊದಲನೆಯದರಲ್ಲಿ ಲಫೀತ್, ಲಾತೂರ್, ಮಾರ್ಗೋ, ಓ-ಬ್ರಿಯೋಂ ಎಂಬ ನಾಲ್ಕೇ ಹೆಸರು.

ಪ್ರದರ್ಶನ ಮುಗಿಯಿತು, ಪಟ್ಟಿ ಉಳಿಯಿತು. ಬೆಲೆಯಿಂದ ಹುಟ್ಟಿದ ದರ್ಜೆ ಮುಂದೆ ತಾನೇ ಬೆಲೆಯನ್ನು ಹುಟ್ಟಿಸತೊಡಗಿತು. ಎರಡನೆಯ ದರ್ಜೆಯ ತಲೆಯಲ್ಲಿದ್ದ ಮೂತೋಂ ತೋಟದ ಒಡೆಯ ಫಿಲಿಪ್ ದ ರಾತ್‌ಷೀಲ್ಡ್ ಹತ್ತಾರು ವರ್ಷ ಹೋರಾಡಿ, 1973ರಲ್ಲಿ ಕೃಷಿ ಸಚಿವ ಜಾಕ್ ಶಿರಾಕರ ಸಹಿಯಿಂದ ಮೊದಲ ದರ್ಜೆ ಪಡೆದನು. ಹೀಗೆ ಮೇಲಿನ ದರ್ಜೆಗೆ ಏರಿದ ತೋಟ ಅದೊಂದೇ. ಇಂದಿಗೂ ಅಗ್ರಪಂಕ್ತಿಯಲ್ಲಿರುವ ಹೆಸರು ಐದು ಮಾತ್ರ.

ನಮ್ಮ ಆಪೂಸಿನ ಹೆಸರೇ ಪರದೇಶದ್ದು. 1510ರಲ್ಲಿ ಗೋವೆಯನ್ನು ಗೆದ್ದ ಅಫೊನ್ಸೊ ದ ಅಲ್ಬುಕರ್ಕನ ನೆನಪು ಅದರಲ್ಲಿದೆ. ಪೋರ್ತುಗೀಜರು ಗೋವೆಯಲ್ಲಿ ಕಸಿ ಕಟ್ಟಿ ಬೆಳೆಸಿದ ಈ ತಳಿ ಕೊಂಕಣಕ್ಕೆ ಹಬ್ಬಿದಂತೆ ಘಟ್ಟದ ಮೇಲಿನ ಧಾರವಾಡ, ಹಾವೇರಿ, ಬೆಳಗಾವಿಗಳ ಮಣ್ಣಿಗೂ ಹಬ್ಬಿತು. ಆದರೆ 2018ರ ಅಕ್ಟೋಬರಿನಲ್ಲಿ ಭೌಗೋಳಿಕ ಸೂಚಿಯಡಿ 'ಅಲ್ಫಾನ್ಸೊ' ಎಂಬ ಹೆಸರು ರತ್ನಾಗಿರಿ, ಸಿಂಧುದುರ್ಗ, ರಾಯಗಡ, ಥಾಣೆ, ಪಾಲಘರ ಜಿಲ್ಲೆಗಳಿಗೆ ನೋಂದಣಿಯಾಯಿತು. ನಾವು ವಾಸಿಸುವ ಥಾಣೆ ಜಿಲ್ಲೆಯ ಮರಕ್ಕೆ ಆ ಹೆಸರಿನ ಹಕ್ಕುಂಟು. ನಾವು ಹುಟ್ಟಿ ಬಂದ ಧಾರವಾಡದ ಮರಕ್ಕೆ ಇಲ್ಲ.

ಇದನ್ನು ಅನ್ಯಾಯವೆಂದು ಕೂಗುವ ಮುನ್ನ ನಮ್ಮ ಅಡುಗೆಮನೆಯ ಡಬ್ಬಿಯನ್ನೊಮ್ಮೆ ತೆರೆದು ನೋಡೋಣ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ದೊರೆತ ರಕ್ಷಣೆ ಇದೇ ಕಾಯಿದೆಯದು. ಬೇರೆಡೆಯ ಕಾಯಿ ಬ್ಯಾಡಗಿಯೆಂದು ಮಾರಾಟವಾದರೆ ನಮಗೆ ಸಿಟ್ಟು ಬರುವುದಿಲ್ಲವೇ? ಅಂಕೋಲೆಯ ಕರಿ ಇಶಾಡ ಮಾವು ಕೂಡ 2023ರಲ್ಲಿ ತನ್ನ ಸ್ವಂತ ಹೆಸರಿನಲ್ಲೇ ಈ ಮನ್ನಣೆ ಪಡೆಯಿತು.

ಬೋರ್ದೋ ಕಲಿಸುವ ಪಾಠ ಇಷ್ಟೇ: ಅಂತಸ್ತು ಆಕಾಶದಿಂದ ಇಳಿದದ್ದಲ್ಲ, ಕೊಳ್ಳುವವರು ವರ್ಷವರ್ಷವೂ ಕೊಟ್ಟ ಬೆಲೆ ದಲ್ಲಾಳಿಯ ಲೆಕ್ಕದಲ್ಲಿ ಸೇರಿ ಆದದ್ದು. ಎರವಲು ಹೆಸರಿನಲ್ಲಿ ಮಾರಾಟವಾದ ಹಣ್ಣಿನ ಸವಿ ಯಾರದೋ ಖಾತೆಗೆ ಜಮೆಯಾಗುತ್ತದೆ. ಆದುದರಿಂದ ಈ ಬೇಸಗೆಯಲ್ಲಿ ಬುಟ್ಟಿಯ ಮುಂದೆ ನಿಂತಾಗ ಸಂಕೋಚಪಡದೆ, "ಧಾರವಾಡದ್ದಿದೆಯೇ?" ಎಂದು ಬಾಯಿಬಿಟ್ಟು ಕೇಳೋಣ. ಊರಿನ ಹೆಸರಿನಿಂದಲೇ ಕೊಂಡು, ನೆರೆಮನೆಯವರಿಗೂ ಆ ಹೆಸರು ಹೇಳಿಯೇ ಎರಡು ಹಣ್ಣು ಕೊಡೋಣ.