ಬೆಂಗಳೂರಿನ ಫುಟ್‌ಪಾತ್: ದುರಸ್ತಿ ಮತ್ತು ಮರುಹಾಸಿನ ಇತಿಹಾಸ

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಫುಟ್‌ಪಾತ್ ಎಂಬುದು ಬಹುಮಟ್ಟಿಗೆ ಮಳೆನೀರು ಚರಂಡಿಯ ಮುಚ್ಚಳ. ರಸ್ತೆಯ ಅಂಚಿನಲ್ಲಿ ಚರಂಡಿ, ಅದರ ಮೇಲೆ ಅಡ್ಡಡ್ಡಲಾಗಿ ಹಾಸಿದ ಕಲ್ಲುಚಪ್ಪಡಿ, ರಸ್ತೆಯ ಕಡೆಗೆ ಸಾಲಾಗಿ ನೆಟ್ಟ ಕರ್ಬ್ ಕಲ್ಲು, ಕರ್ಬ್‌ನ ನಡುನಡುವೆ ನೀರು ಒಳಗಿಳಿಯಲು ಕಿಂಡಿ. ನಗರದ ಫುಟ್‌ಪಾತ್‌ಗಳು ಏಕೆ ಪದೇಪದೇ ಕೆಡುತ್ತವೆ, ರಿಪೇರಿಯಾದ ಮೇಲೂ ಏಕೆ ಸಮವಾಗುವುದಿಲ್ಲ ಎಂಬುದಕ್ಕೆ ಅರ್ಧ ಉತ್ತರ ಈ ರಚನೆಯಲ್ಲೇ ಇದೆ. ಚರಂಡಿಯ ಹೂಳು ತೆಗೆಯಬೇಕೆಂದರೆ ಜನ ನಡೆಯುವ ನೆಲವನ್ನೇ ಕಿತ್ತು ಪಕ್ಕಕ್ಕಿಡಬೇಕು.

ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಪೇಟೆಗೆ ಇಂಥ ಏರ್ಪಾಡು ಬೇಕಿರಲಿಲ್ಲ. ದೊಡ್ಡಪೇಟೆ, ಚಿಕ್ಕಪೇಟೆಗಳಲ್ಲಿ ಎತ್ತಿನಗಾಡಿಯೂ ಹೊರೆಯಾಳೂ ಒಂದೇ ಬೀದಿಯಲ್ಲಿ ಸಾಗುತ್ತಿದ್ದರು. ಮನೆಯ ಜಗಲಿ ಮುಗಿದಲ್ಲಿ ಬೀದಿ ಶುರು. 1809ರಲ್ಲಿ ಬ್ರಿಟಿಷರ ದಂಡು ಬಂದ ಮೇಲೆ ಪೂರ್ವಕ್ಕೆ ಅಗಲವಾದ, ಸಾಲುಮರದ ರಸ್ತೆಗಳು ಹುಟ್ಟಿದವು. 1862ರಲ್ಲಿ ಪೇಟೆಗೊಂದು, ದಂಡಿಗೊಂದು ಎಂದು ಎರಡು ಪುರಸಭೆಗಳಾದವು. 1949ರಲ್ಲಿ ಎರಡೂ ಸೇರಿ ಒಂದೇ ಕಾರ್ಪೊರೇಷನ್ ಆಗುವವರೆಗೆ ಊರಿನ ಬೀದಿಗಳನ್ನು ನೋಡಿಕೊಂಡವರು ಇಬ್ಬರು ಯಜಮಾನರು.

ನಗರದ ಬೀದಿಯ ರೂಪವನ್ನು ಬದಲಿಸಿದ್ದು 1898ರ ಪ್ಲೇಗ್. ಕಿಕ್ಕಿರಿದ ಪೇಟೆಯಿಂದ ಜನರನ್ನು ಹೊರಗೆ ಕರೆತರಲು ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಅಗಲ ರಸ್ತೆ, ಚರಂಡಿ, ಮನೆಗಳ ಹಿಂದೆ ಮಲ, ಕಸ ಸಾಗಿಸಲು ಕನ್ಸರ್ವೆನ್ಸಿ ಓಣಿ; ಎಲ್ಲದರ ಹಿಂದೆ ಇದ್ದದ್ದು ಗಾಳಿ, ಬೆಳಕು, ನೀರು ಹರಿದುಹೋಗುವ ಚಿಂತೆ. ನಡೆಯುವವನಿಗೆ ಪ್ರತ್ಯೇಕ ದಾರಿ ಎಂಬುದು ಈ ಚಿಂತೆಯ ಉಪಫಲವಾಗಿ ಬಂತೆಂದರೆ ಅತಿಶಯವಾಗದು. ಮುಂದೆ 1945ರಲ್ಲಿ ಸ್ಥಾಪನೆಯಾದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್, 1976ರಲ್ಲಿ ಅದರ ಜಾಗಕ್ಕೆ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಬಡಾವಣೆ ಮಾಡಿ ಕಾರ್ಪೊರೇಷನ್ನಿಗೆ ಒಪ್ಪಿಸುವ ಪದ್ಧತಿ ನಡೆದುಬಂತು. ಕಟ್ಟುವವರು ಒಬ್ಬರು, ನಿರ್ವಹಿಸುವವರು ಇನ್ನೊಬ್ಬರು.

ಕಲ್ಲಿಗೆ ಇಲ್ಲಿ ಬರವಿರಲಿಲ್ಲ. ಊರು ನಿಂತಿರುವುದೇ ಬಂಡೆಯ ಮೇಲೆ; ದೇವನಹಳ್ಳಿ ದಾರಿಯ ಸಾದರಹಳ್ಳಿಯ ಬೂದುಬಣ್ಣದ ಗ್ರಾನೈಟ್ ಇಂದಿಗೂ ಹೆಸರುವಾಸಿ. ಬಂಡೆಗೆ ಸಾಲಾಗಿ ಕುಳಿ ತೋಡಿ, ಬೆಣೆ ಜಡಿದು ಚಪ್ಪಡಿ ಸೀಳುವ ಕೆಲಸ ಬಹುಮಟ್ಟಿಗೆ ಭೋವಿ ಕಸುಬುದಾರರದು. ನಾಲ್ಕಡಿ ಉದ್ದ, ಎರಡಡಿ ಅಗಲ, ನಾಲ್ಕಂಗುಲ ದಪ್ಪದ ಒಂದು ಚಪ್ಪಡಿ ಸುಮಾರು 200 ಕಿಲೋ ತೂಗುತ್ತದೆ. ಮಳೆಗಾಲಕ್ಕೆ ಮುಂಚೆ ಹೂಳೆತ್ತುವ ಗ್ಯಾಂಗು ಬಂದಾಗ ಹಾರೆಯ ತುದಿಯನ್ನು ಸಂದಿಗೆ ತೂರಿಸಿ ಮೀಟಿ, ಕಲ್ಲನ್ನು ಪಕ್ಕಕ್ಕೆ ಹೊರಳಿಸುತ್ತಾರೆ. ಕಪ್ಪು ಹೂಳನ್ನು ದಡದಲ್ಲೇ ಗುಡ್ಡೆ ಹಾಕುತ್ತಾರೆ, ಒಣಗಿದ ಮೇಲೆ ಸಾಗಿಸಲೆಂದು. ಲಾರಿ ಬರುವುದರೊಳಗೆ ಮಳೆ ಬಂದರೆ ಅರ್ಧ ಹೂಳು ಮತ್ತೆ ಒಳಕ್ಕೆ. ಚಪ್ಪಡಿ ವಾಪಸು ಕೂರುವಾಗ ಚರಂಡಿಗೋಡೆಯ ಮೇಲೆ ಗಾರೆಯ ಹಾಸು ಹಾಕಿ ಮಟ್ಟ ನೋಡುವ ತಾಳ್ಮೆ ಅಪರೂಪ. ಒಂದು ಮೂಲೆ ಎದ್ದು ನಿಲ್ಲುತ್ತದೆ, ಇನ್ನೊಂದು ಮೂಲೆ ಕಾಲಿಟ್ಟರೆ ಅಲುಗುತ್ತದೆ. ಒಡೆದ ಕಲ್ಲಿನ ಜಾಗಕ್ಕೆ ಬದಲಿ ಬರುವವರೆಗೆ ಮರದ ಕೊಂಬೆಯೊಂದನ್ನು ನೆಟ್ಟು ಎಚ್ಚರಿಕೆ ಕೊಡುವುದು ಅಂಗಡಿಯವರ ಕೆಲಸ. ಕಲ್ಲಿನ ಗುಣದ ಬಗ್ಗೆ ಮಾತ್ರ ಎರಡು ಮಾತಿಲ್ಲ: ಇಷ್ಟೆಲ್ಲ ಹಿಂಸೆ ತಾಳಿಯೂ ಅದೇ ಚಪ್ಪಡಿ ಮತ್ತೆ ಮತ್ತೆ ಬಳಕೆಗೆ ಬರುತ್ತದೆ.

ಕರ್ಬ್ ಕಲ್ಲಿನ ಪಾಡು ಬೇರೆ. ಹಳೆಯ ಡಾಂಬರನ್ನು ಕೆರೆದು ತೆಗೆಯದೆ ಮೇಲೊಂದು ಪದರ ಹಾಕುತ್ತ ಹೋದಂತೆ ರಸ್ತೆ ಏರಿ, ಕರ್ಬ್ ಹೂತುಹೋಗುತ್ತದೆ. ಆಗ ಹೊಸ ಕರ್ಬ್, ಅದಕ್ಕೆ ತಕ್ಕಂತೆ ಎತ್ತರದ ಫುಟ್‌ಪಾತ್, ಕೊನೆಗೆ ರಸ್ತೆಗಿಂತ ತಗ್ಗಿನಲ್ಲಿ ಉಳಿಯುವ ಮನೆಗಳು. ಪ್ರತಿ ಗೇಟಿನ ಮುಂದೆ ಕಾರಿಗೊಂದು ಇಳಿಜಾರು. ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲಿ ಪರಿಷ್ಕರಿಸಿದ ಪಾದಚಾರಿ ಮಾರ್ಗಸೂಚಿ ಕರ್ಬ್‌ನ ಎತ್ತರ 150 ಮಿಲಿಮೀಟರ್ ಮೀರಬಾರದು, ಅಡೆತಡೆಯಿಲ್ಲದ ನಡಿಗೆಯ ಅಗಲ ಕನಿಷ್ಠ 1.8 ಮೀಟರ್ ಇರಬೇಕು ಎನ್ನುತ್ತದೆ. ಟ್ರಾನ್ಸ್‌ಫಾರ್ಮರ್, ಮರದ ಬುಡ, ಕೇಬಲ್ ಪೆಟ್ಟಿಗೆ ಕಳೆದರೆ ಅಷ್ಟು ಅಗಲ ಉಳಿಯುವ ಬೀದಿಗಳು ಕಡಿಮೆ.

ಕಲ್ಲಿನ ಜಾಗಕ್ಕೆ ಮುಂದೆ ಸಿಮೆಂಟಿನ ಇಂಟರ್‌ಲಾಕ್ ಬ್ಲಾಕುಗಳು ಬಂದವು. ಹಾಸುವುದು ಸುಲಭ, ಕಿತ್ತು ಮರುಹಾಸುವುದೂ ಸುಲಭ, ನೋಡಲು ಅಚ್ಚುಕಟ್ಟು. ಆದರೆ ಅವು ನಿಲ್ಲುವುದು ಕೆಳಗಿನ ಮರಳುಹಾಸು ಮತ್ತು ಅಂಚಿನ ಬಿಗಿಯ ಮೇಲೆ. ಅಂಚು ಸಡಿಲಿದರೆ ಮರಳು ಜಾರುತ್ತದೆ, ಒಂದು ಬ್ಲಾಕು ಕುಸಿದರೆ ಪಕ್ಕದ್ದೂ ಹಿಂಬಾಲಿಸುತ್ತದೆ. ಸಿಗ್ನಲ್ಲಿನಲ್ಲಿ ಫುಟ್‌ಪಾತ್ ಹತ್ತುವ ಬೈಕುಗಳು ಆ ಕೆಲಸವನ್ನು ಬೇಗ ಮುಗಿಸಿಕೊಡುತ್ತವೆ.

ಅಗೆತದ ಸಮಸ್ಯೆ ಇದಕ್ಕಿಂತ ದೊಡ್ಡದು. ನೀರು ಮತ್ತು ಒಳಚರಂಡಿ 1964ರಿಂದ ಜಲಮಂಡಳಿಯದು, ವಿದ್ಯುತ್ 2002ರಿಂದ ಬೆಸ್ಕಾಂನದು. ಜೊತೆಗೆ ಟೆಲಿಫೋನ್, ಗ್ಯಾಸ್, ಆಪ್ಟಿಕಲ್ ಫೈಬರ್ ಕಂಪನಿಗಳು. ಯಾವ ಕೊಳವೆ ಎಲ್ಲಿದೆ ಎಂದು ಅಗೆದೇ ತಿಳಿಯಬೇಕಾದ ಪರಿಸ್ಥಿತಿಗೆ ಉತ್ತರವಾಗಿ ಬಂದದ್ದು ಟೆಂಡರ್‌ಶ್ಯೂರ್. ಜನ ಅರ್ಬನ್ ಸ್ಪೇಸ್ ಸಂಸ್ಥೆ ರೂಪಿಸಿದ ಈ ಮಾದರಿಯಲ್ಲಿ ಕೇಬಲ್, ಕೊಳವೆಗಳನ್ನೆಲ್ಲ ಫುಟ್‌ಪಾತ್ ಕೆಳಗೆ ಗೊತ್ತಾದ ಜಾಗದಲ್ಲಿ, ತೆರೆದು ನೋಡಬಹುದಾದ ಚೇಂಬರುಗಳ ಸಮೇತ ಇಡಲಾಗುತ್ತದೆ. ವಾಹನಪಥಗಳ ಅಗಲ ರಸ್ತೆಯುದ್ದಕ್ಕೂ ಒಂದೇ, ಮಿಕ್ಕಿದ್ದು ನಡೆಯುವವರಿಗೆ. ಸೇಂಟ್ ಮಾರ್ಕ್ಸ್, ರೆಸಿಡೆನ್ಸಿ, ರಿಚ್ಮಂಡ್, ಕನ್ನಿಂಗ್‌ಹ್ಯಾಂ, ಮ್ಯೂಸಿಯಂ, ಕಮಿಸರಿಯೆಟ್, ವಿಠಲ್ ಮಲ್ಯ ರಸ್ತೆಗಳು ಮೊದಲ ಹಂತದವು. ಕಾರು ಓಡಿಸುವವರು ರಸ್ತೆ ಕಿರಿದಾಯಿತೆಂದು ಗೊಣಗಿದರು. ದುಬಾರಿ ಎಂಬ ಆಕ್ಷೇಪವೂ ಬಂತು. ಆದರೂ ನಗರದಲ್ಲಿ ಕೈಗಾಡಿ, ಗಾಲಿಕುರ್ಚಿ ಸಲೀಸಾಗಿ ಉರುಳುವ ಫುಟ್‌ಪಾತ್ ತೋರಿಸಿ ಎಂದರೆ ಬೆರಳು ಹೋಗುವುದು ಈ ರಸ್ತೆಗಳ ಕಡೆಗೇ. 2018ರಲ್ಲಿ ಹೊಸ ರೂಪ ಪಡೆದ ಚರ್ಚ್ ಸ್ಟ್ರೀಟ್‌ನಲ್ಲಿ ರಸ್ತೆಗೂ ಕಲ್ಲನ್ನೇ ಹಾಸಿದರು. ವಾಹನ ಓಡುತ್ತಲೇ ಇದ್ದುದರಿಂದ ಕಲ್ಲುಗಳು ಸಡಿಲಿ ಅದಕ್ಕೂ ರಿಪೇರಿ ಬೇಕಾಯಿತು.

ಫುಟ್‌ಪಾತ್ ಕೆಟ್ಟರೆ ಯಾರ ಖರ್ಚು ಎಂಬ ಪ್ರಶ್ನೆಗೆ ಊರೂರಿಗೂ ಉತ್ತರ ಬೇರೆ. ನ್ಯೂಯಾರ್ಕಿನಲ್ಲಿ ಕಟ್ಟಡದ ಮುಂದಿನ ಫುಟ್‌ಪಾತನ್ನು ಮಾಲೀಕನೇ ಸರಿಪಡಿಸಿಕೊಳ್ಳಬೇಕು. 2003ರ ಕಾನೂನಿನ ನಂತರ ಅಲ್ಲಿ ಯಾರಾದರೂ ಎಡವಿ ಬಿದ್ದರೆ ಪರಿಹಾರದ ಹೊಣೆಯೂ ಹೆಚ್ಚಿನ ಕಟ್ಟಡಗಳಲ್ಲಿ ಅವನ ಮೇಲೆಯೇ. ಬೆಂಗಳೂರಿನಲ್ಲಿ ಅದು ಪಾಲಿಕೆಯ ಕರ್ತವ್ಯ. 2019ರಲ್ಲಿ ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರಿದ್ದ ಕರ್ನಾಟಕ ಹೈಕೋರ್ಟ್ ಪೀಠ, ಸುಸ್ಥಿತಿಯ ರಸ್ತೆ ಮತ್ತು ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನೊಳಗೆ ಸೇರುತ್ತವೆ ಎಂದಿತು. ಅವರೇ ಸುಪ್ರೀಂ ಕೋರ್ಟಿನಲ್ಲಿದ್ದಾಗ, 2025ರ ಮೇ ತಿಂಗಳಲ್ಲಿ, ಪಾದಚಾರಿಗಳ ಫುಟ್‌ಪಾತ್ ಹಕ್ಕನ್ನು ಅಲ್ಲಿನ ಅವರ ಪೀಠವೂ ಎತ್ತಿಹಿಡಿದು ರಾಜ್ಯಗಳಿಗೆ ಮಾರ್ಗಸೂಚಿ ರೂಪಿಸಲು ಹೇಳಿತು. ಬೀದಿಬದಿ ವ್ಯಾಪಾರಿಗಳಿಗೂ 2014ರ ಕಾಯ್ದೆಯ ರಕ್ಷಣೆ ಇದೆ. ಎಲ್ಲ ಅಡಚಣೆಗೂ ತಳ್ಳುಗಾಡಿಯವನನ್ನೇ ದೂರುವವರು, ಪಕ್ಕದಲ್ಲಿ ನಿಂತ ಕಾರನ್ನೂ ಅಂಗಡಿ ಚಾಚಿದ ಮೆಟ್ಟಿಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

2007ರಲ್ಲಿ ಹುಟ್ಟಿದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) 2025ರಲ್ಲಿ ಕೊನೆಗೊಂಡಿತು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿ ಐದು ನಗರಪಾಲಿಕೆಗಳು ರಚನೆಯಾಗಿ, ಬಡಾವಣೆಗಳ ಫುಟ್‌ಪಾತ್ ಅವುಗಳ ಪಾಲಿಗೆ ಬಂತು. ಅದನ್ನು ಅಗೆಯುವ ಜಲಮಂಡಳಿ ಮತ್ತು ಬೆಸ್ಕಾಂ ಮೊದಲಿನಂತೆ ಇಡೀ ನಗರಕ್ಕೆ ಒಂದೊಂದೇ ಉಳಿದಿವೆ.