ಬಾಡಿಗೆ ಮನೆಯ ಮುಂಗಡ

ಮನೆ ಬಾಡಿಗೆಗೆ ಹಿಡಿಯುವವರು ಮಾಲೀಕರಲ್ಲಿ ಇಟ್ಟು, ಮನೆ ಬಿಡುವಾಗ ವಾಪಸ್ ಪಡೆಯುವ ಠೇವಣಿಯೇ ಮುಂಗಡ. ಬೆಂಗಳೂರಿನ ಆಡುಮಾತಿನಲ್ಲಿ ಅಡ್ವಾನ್ಸ್. ಬಾಡಿಗೆ ಬಾಕಿ ಉಳಿದರೆ, ಕರೆಂಟ್ ಬಿಲ್ ಕಟ್ಟದೆ ಹೋದರೆ, ಮನೆಗೆ ಹಾನಿಯಾಗಿದ್ದರೆ ಮಾಲೀಕರು ಅದನ್ನು ಇದರಲ್ಲಿ ಮುರಿದುಕೊಳ್ಳುತ್ತಾರೆ. ಉಳಿದದ್ದು ಬಾಡಿಗೆದಾರರ ಹಣವೇ. ಸಾಮಾನ್ಯವಾಗಿ ಇದಕ್ಕೆ ಬಡ್ಡಿ ಇರುವುದಿಲ್ಲ.

ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಕೇಳುವುದು ಹಳೆಯ ರೂಢಿ. ತಿಂಗಳಿಗೆ 20,000 ರೂಪಾಯಿಯ ಮನೆಗೆ 2 ಲಕ್ಷ ರೂಪಾಯಿ ಮೊದಲೇ ಹೊಂದಿಸಬೇಕು. ಹೊಸದಾಗಿ ಕೆಲಸಕ್ಕೆ ಸೇರಿ ಊರಿಂದ ಬಂದವರಿಗೆ ತಿಂಗಳ ಬಾಡಿಗೆಗಿಂತ ಇದೇ ದೊಡ್ಡ ಹೊರೆ. ಈಚೆಗೆ ಐದಾರು ತಿಂಗಳ ಮೊತ್ತಕ್ಕೆ ಒಪ್ಪುವ ಮಾಲೀಕರೂ ಇದ್ದಾರೆ. ಭೋಗ್ಯ, ಅಂದರೆ ಲೀಸ್, ಬೇರೆಯೇ ವ್ಯವಸ್ಥೆ: ದೊಡ್ಡ ಗಂಟನ್ನು ಒಮ್ಮೆಗೇ ಕೊಟ್ಟರೆ ಅವಧಿ ಮುಗಿಯುವವರೆಗೆ ಬಾಡಿಗೆ ಇಲ್ಲ.

ಕೇಂದ್ರ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ, ಇತರ ಕಟ್ಟಡಗಳಿಗೆ ಆರು ತಿಂಗಳ ಬಾಡಿಗೆಯನ್ನು ಠೇವಣಿಯ ಮಿತಿಯಾಗಿ ಸೂಚಿಸುತ್ತದೆ. ರಾಜ್ಯ ಅಂಗೀಕರಿಸಿದರಷ್ಟೇ ಅದಕ್ಕೆ ಬಲ. ಕರ್ನಾಟಕ ಬಾಡಿಗೆ ಕಾಯ್ದೆ, 1999 ದೊಡ್ಡ ನಗರಗಳಲ್ಲಿ 3,500 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳಿಗೆ ಅನ್ವಯಿಸುವುದಿಲ್ಲ. ಇಂದಿನ ಬೆಂಗಳೂರಿನಲ್ಲಿ ಆ ಮಿತಿಯೊಳಗೆ ಮನೆ ಸಿಗುವುದೇ ಅಪರೂಪವಾದ್ದರಿಂದ ಬಹುಪಾಲು ಬಾಡಿಗೆದಾರರಿಗೆ ಕರಾರುಪತ್ರವೇ ಮುಖ್ಯ ಆಸರೆ. ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯವಾದ್ದರಿಂದ ಅದನ್ನು ಹನ್ನೊಂದು ತಿಂಗಳಿಗೆ ಬರೆಸುವುದೇ ವಾಡಿಕೆ.

ತಕರಾರು ಹುಟ್ಟುವುದು ಮನೆ ಖಾಲಿ ಮಾಡುವಾಗ, ಅದರಲ್ಲೂ ಬಣ್ಣದ ಖರ್ಚಿನ ವಿಷಯದಲ್ಲಿ. ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವ ಷರತ್ತು ಅನೇಕ ಕರಾರುಗಳಲ್ಲಿರುತ್ತದೆ. ಆ ಷರತ್ತು ಇಲ್ಲದಿದ್ದರೆ ಸ್ವತ್ತು ವರ್ಗಾವಣೆ ಕಾಯ್ದೆ, 1882 ಬಾಡಿಗೆದಾರರ ನೆರವಿಗೆ ಬರುತ್ತದೆ. ವಾಸದಿಂದ ಸಹಜವಾಗಿ ಆಗುವ ಸವೆತಕ್ಕೆ ಅವರು ಹೊಣೆಯಲ್ಲ. ಬಿಸಿಲಿಗೆ ಮಾಸಿದ ಗೋಡೆ ಸವೆತ. ಒಡೆದ ವಾಶ್‌ಬೇಸಿನ್, ಕಿತ್ತುಬಂದ ಸ್ವಿಚ್‌ಬೋರ್ಡ್ ಹಾನಿ. ಒಳಬರುವ ದಿನವೇ ಗೋಡೆ, ನಲ್ಲಿ, ಬಾಗಿಲುಗಳ ಫೋಟೊ ತೆಗೆದು ಮಾಲೀಕರಿಗೆ ಕಳಿಸಿಟ್ಟರೆ ಆಮೇಲಿನ ವಾದ ಅರ್ಧ ಕಡಿಮೆಯಾಗುತ್ತದೆ.

ಕೈಸೇರಿದ ಅಡ್ವಾನ್ಸನ್ನು ಬೇರೆಡೆ ಖರ್ಚು ಮಾಡಿರುವ ಮಾಲೀಕರು ಹೊಸ ಬಾಡಿಗೆದಾರರ ಹಣ ಬರುವವರೆಗೆ ಹಳಬರನ್ನು ಕಾಯಿಸುವುದುಂಟು. ಇದು ನ್ಯಾಯವಲ್ಲ. ಬೀಗದ ಕೈ ಒಪ್ಪಿಸುವ ದಿನವೇ ಹಣ ವಾಪಸ್ ಆಗಬೇಕೆಂದು ಕರಾರಿನಲ್ಲಿ ಬರೆಸುವುದು, ಹಣವನ್ನು ಬ್ಯಾಂಕ್ ಮೂಲಕವೇ ಕೊಡುವುದು ಇದಕ್ಕೆ ತಕ್ಕ ಮುನ್ನೆಚ್ಚರಿಕೆ. ಆದರೂ ಕೊಡದಿದ್ದರೆ ವಕೀಲರಿಂದ ನೋಟಿಸ್ ಕಳಿಸಿ ಸಿವಿಲ್ ನ್ಯಾಯಾಲಯದಲ್ಲಿ ವಸೂಲಿ ದಾವೆ ಹೂಡಬಹುದು.